ಎರಡು ಪೆಟ್ಟಿಗೆ, ಒಂದೇ ಹಗ್ಗ

ಇಪ್ಪತ್ತಾರು ವರ್ಷದಿಂದ ನಾನು
ವಾಲ್ಪರೈಸೊದ ಗುಡ್ಡದ ನೆತ್ತಿಯ ಗೂಡಿನಲ್ಲಿ ಕೂತು
ಸನ್ನೆಕೋಲು ಎಳೆಯುತ್ತಿದ್ದೇನೆ.
ಹಳಿಯ ಮೇಲೆ ಮರದ ಪೆಟ್ಟಿಗೆಯೊಂದು ಹತ್ತುತ್ತದೆ
ಅದೇ ಗಳಿಗೆಗೆ ಇನ್ನೊಂದು ಇಳಿಯುತ್ತದೆ.
ನಡುದಾರಿಯಲ್ಲಿ ಎರಡೂ ಎದುರುಬದುರಾದಾಗ
ಒಳಗಿನವರು ಸಮುದ್ರ ನೋಡುತ್ತಿರುತ್ತಾರೆ.

ಫ್ರಿಜ್ಜು ಸತ್ತದ್ದು ಜನವರಿಯಲ್ಲಿ,
ನಮ್ಮಲ್ಲಿ ಬಿರುಬೇಸಿಗೆಯ ಜನವರಿ.
ಮೀನು ನಾರಿದ ಮೂರನೆಯ ದಿನ ಕೆಳಪೇಟೆಗೆ ಹೋದೆ.
ಅಂಗಡಿಯ ಹುಡುಗಿ ಯಾಸ್ನಾ, ಬೆಳ್ಳಿಬಣ್ಣದ ಉಗುರು,
ಮೂರು ಲಕ್ಷ ಪೆಸೊ ಎಂದಳು,
ನಾನು ಹೌಹಾರುವ ಮೊದಲೇ
ಇಸ್ಪೀಟೆಲೆ ಹರವಿದ ಹಾಗೆ
ಮೂರು ಕಾರ್ಡಿನ ಹಾಳೆ ಹರವಿದಳು.
ಆರಿಸಿಕೊಳ್ಳಿ ಸೆನ್ಯೋರಾ.

ರಾತ್ರಿ ಅನ್ಸೆಲ್ಮೊನ ಭೂತಗನ್ನಡಿ ಹುಡುಕಿದೆ.
ಅವನು ಕೈಗಡಿಯಾರದ ಹೊಟ್ಟೆ ಬಗೆಯುತ್ತಿದ್ದುದು ಅದರಲ್ಲೇ;
ಸತ್ತು ಒಂಬತ್ತು ವರ್ಷ, ಗಾಜಿನಲ್ಲಿ ಇನ್ನೂ ಎಣ್ಣೆಯ ವಾಸನೆ.
ಅಕ್ಷರ ದಪ್ಪಗಿದ್ದಲ್ಲಿ ನಗು ಇತ್ತು,
ಸಣ್ಣಗಿದ್ದಲ್ಲಿ ಹಲ್ಲು.

ಹಸಿರು ಹಾಳೆ: ತಿಂಗಳಿಗೆ ಬರೀ ಎರಡು ಪಾಯಿಂಟ್ ಒಂಬತ್ತು.
ಚಿಲ್ಲರೆ ಅನ್ನಿಸುತ್ತದೆ, ಅಲ್ಲವೆ?
ನನಗೆ ಲೆಕ್ಕ ಬರದು, ಉರುಳೆ ಗೊತ್ತು.
ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ಹಗ್ಗ ಕೂತಂತೆ
ಉರುಳೆ ದಪ್ಪವಾಗುತ್ತದೆ,
ದಪ್ಪವಾದ ಉರುಳೆಗೆ ಮುಂದಿನ ಸುತ್ತಿಗೆ
ಇನ್ನೂ ಉದ್ದದ ಹಗ್ಗ ಬೇಕು.
ಚಕ್ರಬಡ್ಡಿ ಅಂದರೆ ಇದೇ.
ವರ್ಷ ಸುತ್ತಿ ಬರುವಷ್ಟರಲ್ಲಿ ನೂರಕ್ಕೆ ನಲವತ್ತು ದಾಟಿರುತ್ತದೆ.

ಕನಿಷ್ಠ ಕಂತು ಹದಿನೈದು ಸಾವಿರ.
ಅದರಲ್ಲಿ ಎಂಟು ಸಾವಿರದ ಏಳುನೂರು ಬಡ್ಡಿಯ ಬಾಯಿಗೆ,
ಎರಡು ಸಾವಿರದ ಮುನ್ನೂರು ‘ನಿರ್ವಹಣೆ’ಗೆ
(ಯಾರು ಯಾರನ್ನು ನಿರ್ವಹಿಸುತ್ತಾರೋ!)
ಉಳಿದ ನಾಲ್ಕು ಸಾವಿರ ಮಾತ್ರ
ಫ್ರಿಜ್ಜಿನ ಬಾಗಿಲು ಮುಟ್ಟುತ್ತದೆ.

ನೀಲಿ ಹಾಳೆಯಲ್ಲಿ ಉಚಿತ ಸೂಟ್‌ಕೇಸ್, ಮೊದಲ ವರ್ಷ ಶುಲ್ಕವಿಲ್ಲ.
ಎರಡನೆಯ ವರ್ಷದ ಮಾತು ಹಾಳೆಯ ಬೆನ್ನಿಗಿತ್ತು.
ಸಹಕಾರ ಸಂಘದ ಬೂದು ಹಾಳೆಗೆ ಚಿತ್ರವೇ ಇರಲಿಲ್ಲ.

ಮರುದಿನ ದಂತವೈದ್ಯ ಫೆರ್ಮಿನ್ ಟಿಕೆಟ್ಟಿಗೆ ನಿಂತವರು
ನನ್ನ ಮೇಜಿನ ಹಾಳೆ ನೋಡಿ ನಕ್ಕರು:
‘ಗಡುವಿನ ಮೊದಲು ಪೂರ್ತಿ ಕಟ್ಟಿಬಿಡಿ, ಎದುವೀಹಿಸ್.
ಹನ್ನೊಂದು ವರ್ಷದಲ್ಲಿ ಒಂದು ಪೆಸೊ ಬಡ್ಡಿ ತೆತ್ತಿಲ್ಲ ನಾನು.
ಈ ಸಲ ಲೀಮಾಕ್ಕೆ ಹಾರುತ್ತಿರುವುದೂ ಪಾಯಿಂಟಿನಲ್ಲೇ, ಪುಕ್ಕಟೆ.’

ಒಳ್ಳೆಯ ಮಾತೇ. ಸನ್ನೆಕೋಲು ಎಳೆದೆ.
ಅವರ ಪೆಟ್ಟಿಗೆ ಹಗುರಾಗಿ ಇಳಿಯಿತು,
ಕೆಳಗಿನಿಂದ ಬೇಕರಿಯ ರೊಸಾವುರಾ ಬಂದಳು,
ಎರಡು ಕೈಗೂ ಚೀಲ,
ನಾಲ್ಕು ವರ್ಷದಿಂದ ಕನಿಷ್ಠ ಕಂತು ಮಾತ್ರ ಕಟ್ಟುವವಳು.
ನಡುದಾರಿಯಲ್ಲಿ ಇಬ್ಬರೂ
ಒಂದು ಮೊಳದ ಅಂತರದಲ್ಲಿ ಹಾದುಹೋದರು.
ಅಯ್ಯೋ, ಇಷ್ಟು ವರ್ಷ ಗ್ರೀಸು ಬಳಿದೆನಲ್ಲ
ಇದೇ ಹಗ್ಗಕ್ಕೆ.

ಸಂಜೆ ಅಂಗಡಿಯಲ್ಲಿ ಕೇಳಿದೆ:
ಯಾಸ್ನಾ, ನಿನ್ನ ಹತ್ತಿರ ಯಾವುದಿದೆ?
ಮೇಲ್ವಿಚಾರಕ ಅತ್ತ ತಿರುಗುವವರೆಗೆ ಕಾದು
‘ಹಸಿರು’ ಎಂದಳು. ‘ಒಮ್ಮೆ ಆಸ್ಪತ್ರೆಗೆಂದು ನಗದು ತೆಗೆದೆ.
ನಗದಿಗೆ ಗಡುವಿಲ್ಲ ಸೆನ್ಯೋರಾ, ಬಡ್ಡಿ ಅವತ್ತಿಂದಲೇ.’
ಉಗುರನ್ನು ಅಂಗೈಯೊಳಗೆ ಮಡಚಿಕೊಂಡಳು.
ಹಸಿರು ಹಾಳೆಯನ್ನು ತಾನೇ ಸದ್ದಿಲ್ಲದೆ
ಗಲ್ಲಾಪೆಟ್ಟಿಗೆಯ ಕೆಳಗೆ ಸರಿಸಿದಳು.

ಬೂದು ಕಾರ್ಡು ಬಂತು. ಆರು ಕಂತು.
ನನಗೇನೂ ಜಂಬವಿಲ್ಲ:
ಮೂರನೆಯ ತಿಂಗಳು ಹನ್ನೊಂದು ಸಾವಿರ ಕಡಿಮೆಬಿತ್ತು,
ಯಾವ ಪೆಟ್ಟಿಗೆಯಲ್ಲಿದ್ದೇನೆಂದು ತಿಳಿಯದೆ
ಒಂದು ರಾತ್ರಿ ಫ್ರಿಜ್ಜಿನ ಗುನುಗು ಕೇಳುತ್ತಾ ಕೂತೆ.

ಬೆಳಗ್ಗೆ ಅನ್ಸೆಲ್ಮೊನ ಗೋಡೆಗಡಿಯಾರ ಮಾರಿದೆ.
ಭೂತಗನ್ನಡಿಯನ್ನೂ ಕೇಳಿದರು.
ಕೊಡಲಿಲ್ಲ.